ನೀರು ಬಿಟ್ಟು ನೋಡಿದ ಚಾವಣಿ

ಗುಬ್ಬಿಯಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುತ್ತಿದ್ದ ಮೇಸ್ತ್ರಿಯೊಬ್ಬರು ತಗಡಿನ ಸಂದುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡದೆ ಮಾತು ಆರಂಭಿಸುತ್ತಿರಲಿಲ್ಲ. “ಗಾಡಿ ಅಲ್ಲಾಡ್ತದೆ ಸಾರ್, ಅಂಟೂ ಅಲ್ಲಾಡ್ಬೇಕು” ಎಂಬುದು ಅವರು ಎಲ್ಲರಿಗೂ ಹೇಳುತ್ತಿದ್ದ ಮಾತು.

ನಿವೃತ್ತಿಯ ನಂತರ ಶಾಸನಗಳನ್ನು ನೋಡುತ್ತ ತಿರುಗಲೆಂದು, ನಾವು ಒಳಗೇ ಮಲಗುವಂತೆ ಸಜ್ಜುಗೊಳಿಸಿಕೊಂಡಿದ್ದ ವ್ಯಾನು ಹುಲಿಯೂರುದುರ್ಗದ ಮಳೆಯಲ್ಲಿ ಸೋರಿತ್ತು. ಇನ್ನೊಮ್ಮೆ ಹಾಸಿಗೆ ನೆನೆದರೆ ತಾನು ಜೊತೆಗೆ ಬರುವುದಿಲ್ಲವೆಂದು ನನ್ನ ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು. ಹಾಗಾಗಿ ವ್ಯಾನನ್ನು ಈ ಮೇಸ್ತ್ರಿಯ ಬಳಿಗೆ ತಂದಿದ್ದೆವು.

ಚಾವಣಿಯ ಸಂದುಗಳಿಗೆ ಯಾರೋ ಹಿಂದೆ ತುಂಬಿದ್ದ, ಬಚ್ಚಲುಮನೆಗೆ ಬಳಸುವ ಸಿಲಿಕೋನ್ ಅಂಟನ್ನು ಮೇಸ್ತ್ರಿ ಪೂರ್ತಿಯಾಗಿ ಕೆರೆದು ತೆಗೆದು, ಬಿಸಿಲನ್ನು ತಾಳುವ, ಗಾಡಿ ಅಲುಗಿದರೂ ಬಿರಿಯದ, ಮೇಲೆ ಬಣ್ಣವೂ ಹಿಡಿಯುವ ಪಾಲಿಯುರಿಥೇನ್ ಅಂಟನ್ನು ಆರಿಸಿದರು. ಅಂಟಿನ ಟ್ಯೂಬಿನ ಮೇಲಿದ್ದ ಅವಧಿ ಮುಗಿಯುವ ದಿನಾಂಕವನ್ನು ನಾನು ಭೂತಗನ್ನಡಿ ಹಿಡಿದು ಮತ್ತೆ ಮತ್ತೆ ಓದುತ್ತಿದ್ದಾಗ, “ಇದೂ ಶಾಸನಾನಾ ಸಾರ್?” ಎಂದು ನಕ್ಕರು.

ಅಂಟು ಗಟ್ಟಿಯಾದ ಮೇಲೆ ಅವರು ತಮ್ಮ ಪದ್ಧತಿಯಂತೆ ವ್ಯಾನಿನೊಳಗಿನ ಹಾಸಿಗೆಯ ಮೇಲೆ ಅಂಗಾತ ಮಲಗಿ, ಚಾವಣಿಗೆ ಪೈಪಿನಿಂದ ನೀರು ಬಿಡುವಂತೆ ನನಗೆ ಹೇಳಿದರು. ಹನಿ ಬಿದ್ದರೆ ಕೂಗುವುದಾಗಿ ಒಪ್ಪಂದ. ಬಹಳ ಹೊತ್ತಾದರೂ ನೀರಿನ ಸದ್ದಿನ ನಡುವೆ ಅವರ ಕೂಗು ಕೇಳಲಿಲ್ಲ. ಗಾಬರಿಯಿಂದ ಬಾಗಿಲು ತೆರೆದ ಹೆಂಡತಿ ತಿರುಗಿ ನೋಡಿ ಪಿಸುಗುಟ್ಟಿದಳು:

“ರೀ, ನೀರ್ ನಿಲ್ಸಿ. ಹಾಸ್ಗೆ ಒಣಗೇ ಇದೆ, ಮೇಸ್ತ್ರಿ ಗೊರಕೆ ಹೊಡೀತಾವ್ರೆ. ಅವ್ರು ಎದ್ಮೇಲೆ ಹೊರಡೋಣ.”