ಯಾರ ಮನೆಯಲ್ಲೂ ಉಣ್ಣದ ಅಜ್ಜಿ

ಫೋನು ರಿಂಗಾಗುತ್ತಲೇ ಇದೆ, ಆ ಕಡೆ ಯಾರೂ ಎತ್ತುತ್ತಿಲ್ಲ. ನನ್ನ ಚಿಂತೆ ಇಷ್ಟೇ. ಪಾತ್ರೆ ತೊಳೆಯುವಾಗ, ಮಗುವಿನ ಉಗುರು ಕತ್ತರಿಸುವಾಗ, ಬಸ್ಸಿಗೆ ಕಾಯುವಾಗ ಆ ಸದ್ದು ಎಲ್ಲಿಂದಲೋ ಬಂದು ಕಿವಿಯಲ್ಲಿ ಕೂತುಬಿಡುತ್ತದೆ. ನಾನು ಮೊದಲಿನಿಂದಲೂ ಪುಕ್ಕಲಿ. ಬೀಗ ಹಾಕಿ ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುವವರ ಪೈಕಿ. ಮಗನಿಗೆ ಚಳಿ ಬಿದ್ದರೆ ಎದೆ ಗೊರಗೊರ ಅನ್ನುತ್ತದೆ, ಉಸಿರು ಅಲ್ಲೇ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಅವನನ್ನು ಮೊದಲ ಸಲ ಆಸ್ಪತ್ರೆಯಿಂದ ಮನೆಗೆ ತಂದ ದಿನವೇ ಆಂಬುಲೆನ್ಸಿನ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಆ ನಂಬರಿಗೆ ಫೋನು ಮಾಡಿದರೆ ಯಾರಾದರೂ ಎತ್ತೇ ಎತ್ತುತ್ತಾರೆ ಎಂಬ ಧೈರ್ಯವನ್ನು ನನಗೆ ತುಂಬಿದವಳು ಅಕ್ಕ. ಆ ಧೈರ್ಯ ಹೇಗೆ ಹೋಯಿತೆಂದು ಹೇಳಬೇಕಾದರೆ ಅಕ್ಕನ ವಿಷಯವನ್ನೇ ಹೇಳಬೇಕು.

ಅಕ್ಕ ನನಗಿಂತ ಬಹಳ ದೊಡ್ಡವಳು. ಅಮ್ಮ ತೀರಿಹೋದ ಮೇಲೆ ನನಗೆ ತಲೆ ಬಾಚಿದ್ದು, ಶಾಲೆಗೆ ಬಿಟ್ಟದ್ದು, ಬೈದದ್ದು, ಬೈದ ಮೇಲೆ ಮುದ್ದು ಮಾಡಿದ್ದು ಎಲ್ಲ ಅವಳೇ. ಮದುವೆ ಆಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ, "ಎರಡು ಕಂಪ್ಯೂಟರ್ ಜಗಳ ಬಿಡಿಸೋದ್ರಲ್ಲೇ ನನ್ನ ಪ್ರಾಣ ಹೋಗ್ತಿದೆ, ಇನ್ನು ಗಂಡನ ಜೊತೆ ಬೇರೆ ಗುದ್ದಾಡ್ಲಾ?" ಅನ್ನುತ್ತಿದ್ದಳು. ಕಂಪ್ಯೂಟರ್ ಕೋಣೆಯ ಚಳಿಗೆ ಬೇಸಿಗೆಯಲ್ಲೂ ಮೊಣಕೈಗೆ ತೇಪೆ ಹಾಕಿದ ಒಂದು ನೀಲಿ ಸ್ವೆಟರ್. ಅಲ್ಲಿನ ಫ್ಯಾನುಗಳ ಸದ್ದಿನಲ್ಲಿ ಕೂಗಿ ಕೂಗಿ ಅಭ್ಯಾಸವಾಗಿ, ಮನೆಯಲ್ಲೂ ಪಕ್ಕದ ಬೀದಿಗೆ ಕೇಳುವ ಹಾಗೆ ಮಾತು. ಮಲಗಿದ ಮಗುವನ್ನು ಎಬ್ಬಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಅವಳ ಕೆಲಸ ಏನೆಂದು ನನಗೆ ಅರ್ಥವಾದದ್ದು ಅವಳು ಅದನ್ನು ಮನೆ ಜಗಳದ ಹಾಗೆ ಹೇಳಿದಾಗಲೇ. ಆಂಬುಲೆನ್ಸಿಗೆಂದು ಬರುವ ಕರೆಗಳನ್ನು ಹಿಡಿದು, ಯಾವ ಗಾಡಿ ಎಲ್ಲಿಗೆ ಹೋಗಬೇಕೆಂದು ಹಂಚುವುದು ಎರಡು ದೊಡ್ಡ ಕಂಪ್ಯೂಟರುಗಳು. ಊರಿನ ಎರಡು ತುದಿಯಲ್ಲಿ ಎರಡು ಕೋಣೆ, ಕೋಣೆಗೊಂದು ಕಂಪ್ಯೂಟರು. ಒಂದು ಸತ್ತರೆ ಇನ್ನೊಂದು ಕೆಲಸ ಎತ್ತಿಕೊಳ್ಳಬೇಕು.

"ಸತ್ರೆ ಸುಲಭ ಪುಟ್ಟಿ. ಸಾಯ್ದೇ ಇದ್ದಾಗಲೇ ಕಷ್ಟ," ಅನ್ನುತ್ತಿದ್ದಳು ಅಕ್ಕ. "ಇಬ್ಬರ ನಡುವಿನ ವೈರ್ ಕಿತ್ತೋಯ್ತು ಅಂದ್ಕೋ. ಇವನು ಅವನು ಸತ್ತ ಅಂದ್ಕೋತಾನೆ, ಅವನು ಇವನು ಸತ್ತ ಅಂದ್ಕೋತಾನೆ. ಇಬ್ಬರೂ ಯಜಮಾನಿಕೆ ಶುರು ಮಾಡ್ತಾರೆ. ಒಂದೇ ಗಾಡೀನ ಇವನು ಪೂರ್ವಕ್ಕೆ ಕಳಿಸ್ತಾನೆ, ಅವನು ಪಶ್ಚಿಮಕ್ಕೆ ಕಳಿಸ್ತಾನೆ. ಅದಕ್ಕೇ ನ್ಯಾಯ ಹೇಳೋಕೆ ಮೂರನೆಯೋರು ಬೇಕು."

ಆ ಮೂರನೆಯದು ಒಂದು ಪುಟ್ಟ ಕಂಪ್ಯೂಟರು. ಯಾವ ಕರೆಯನ್ನೂ ಹಿಡಿಯುವುದಿಲ್ಲ, ಯಾವ ಗಾಡಿಯನ್ನೂ ಕಳಿಸುವುದಿಲ್ಲ. ಅದರ ಬಳಿ ಇರುವುದು ಒಂದು ವೋಟು ಮಾತ್ರ. ಒಟ್ಟು ಮೂರು ವೋಟು. ಎರಡು ಯಾರ ಕಡೆ ಇರುತ್ತವೋ ಅವರದು ಅಧಿಕಾರ. ಒಂದೇ ವೋಟಿನೊಂದಿಗೆ ಉಳಿದವನು, ಜೀವ ಗಟ್ಟಿಯಾಗಿದ್ದರೂ, ತೆಪ್ಪಗೆ ಕೂರಬೇಕು. ಆ ಯಂತ್ರಕ್ಕೆ ಕಾಗದದಲ್ಲಿ ಉದ್ದನೆಯ ಹೆಸರೊಂದಿತ್ತಂತೆ. ಆಫೀಸಿನಲ್ಲಿ ಎಲ್ಲರೂ ಅದನ್ನು ಕರೆಯುತ್ತಿದ್ದುದು ‘ಅಜ್ಜಿ’ ಎಂದು. ಅದರಲ್ಲಿ ತಂತ್ರಾಂಶ ಹಾಕುವುದು, ಹೊಸದು ಬಂದಾಗ ಬದಲಿಸುವುದು, ಎರಡು ಕಂಪ್ಯೂಟರುಗಳಿಗೂ ಅಜ್ಜಿಯ ಗುರುತುಪತ್ರ ಕೊಟ್ಟು "ಇವಳೇ ನಿಮ್ಮ ಅಜ್ಜಿ, ಬೇರೆಯವರು ಹೇಳಿದ್ರೆ ಕೇಳ್ಬೇಡಿ" ಎಂದು ಒಪ್ಪಿಸುವುದು ಅಕ್ಕನ ಕೆಲಸ.

ಅಜ್ಜಿ ಇದ್ದದ್ದು ನೀರು ಸರಬರಾಜು ಕಚೇರಿಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಬಕೆಟ್ಟು, ಪೊರಕೆ, ಮುರಿದ ಕುರ್ಚಿಗಳ ಮಧ್ಯೆ. ಆ ಎರಡು ಕೋಣೆಗಳ ಕರೆಂಟು ಅದಕ್ಕಿಲ್ಲ, ವೋಟು ಕಳಿಸುವ ವೈರೂ ಬೇರೆಯದೇ ದಾರಿಯದು. ಹಾಗೇ ಇರಬೇಕಂತೆ. "ನ್ಯಾಯ ಹೇಳೋಳು ಇಬ್ಬರ ಮನೇಲೂ ಊಟ ಮಾಡಬಾರದು," ಇದು ಅಕ್ಕನ ಮಾತು. ಗಾದೆಯ ಹಾಗೆ ಹೇಳುತ್ತಿದ್ದಳು. ಅವಳೇ ಕಟ್ಟಿದ್ದಿರಬೇಕು, ಬೇರೆ ಯಾರ ಬಾಯಲ್ಲೂ ನಾನು ಕೇಳಿಲ್ಲ.

ಒಮ್ಮೆ ಮಗನನ್ನು ಡಾಕ್ಟರಿಗೆ ತೋರಿಸಿ ಬರುವಾಗ ಅಲ್ಲಿಗೆ ಹೋಗಿದ್ದೆ. ಬಾಗಿಲಲ್ಲಿದ್ದ ಕಾವಲುಗಾರ, "ಏನ್ ಮೇಡಂ, ಅಜ್ಜಿಗೆ ಹುಷಾರಿಲ್ವಾ? ಮೊಮ್ಮಗನ್ನೂ ಕರ್ಕೊಂಡು ಬಂದಿದೀರಾ!" ಎಂದು ನಕ್ಕ. ಅಕ್ಕ ಆಗಷ್ಟೇ ಹೊಸ ತಂತ್ರಾಂಶ ಹಾಕಿ ಮುಗಿಸಿದ್ದಳು. ತೆರೆಯ ಮೇಲೆ ವೋಟು ಮೂರು ಎಂದು ತೋರಿಸಿತು, ಎಲ್ಲ ಹಸಿರು. ನಾನು ಮುಗಿಯಿತೆಂದುಕೊಂಡೆ. ಅವಳು ಒಂದನೇ ಕೋಣೆಯವರಿಗೆ ಫೋನು ಮಾಡಿ, ಒಂದನೇ ಕಂಪ್ಯೂಟರಿನ ವೈರು ಕೀಳಿಸಿದಳು. ಎರಡನೆಯದು ಎದ್ದು ನಿಂತಿತು. ಅದನ್ನು ಸಿಕ್ಕಿಸಿ ಇನ್ನೊಂದರದ್ದು ಕೀಳಿಸಿದಳು. ಕೊನೆಗೆ ಅಜ್ಜಿಯದನ್ನು ತಾನೇ ಕಿತ್ತಳು. ಆಗಲೂ ಆ ಎರಡೂ ಎರಡು ವೋಟಿನ ಮೇಲೆ ನಿಂತೇ ಇದ್ದವು.

"ಹಸಿರು ದೀಪ ನೋಡಿ ನಂಬಬಾರದು ಪುಟ್ಟಿ. ಕಿತ್ತು ನೋಡ್ಬೇಕು. ಕಿತ್ತಾಗ ಯಾರು ನಿಲ್ತಾರೆ ಅನ್ನೋದೇ ಲೆಕ್ಕ."

ಇನ್ನು ಇವರ ವಿಷಯ. ಇವರೆಂದರೆ ನನ್ನ ಗಂಡ. ಅಕ್ಕನ ಆಫೀಸಿಗೇ ಹೊಸಬರಾಗಿ ಸೇರಿದವರು. ಅಕ್ಕನೇ ಕೆಲಸ ಕಲಿಸಿದ್ದು, ಅಕ್ಕನೇ ನನಗೆ ನೋಡಿದ್ದು. "ಹುಡುಗ ಒಳ್ಳೆಯವನು. ಸ್ವಲ್ಪ ಆತುರ, ಅಷ್ಟೇ," ಎಂದಿದ್ದಳು. ಆತುರದವರು ಬೇಗ ಮೇಲೆ ಹೋಗುತ್ತಾರೆ. ನೋಡನೋಡುತ್ತಲೇ ಅವಳಿಗೇ ಮೇಲಧಿಕಾರಿಯಾದರು. ಇವರು ಅಕ್ಕನನ್ನು ಕರೆಯುತ್ತಿದ್ದುದು ಆಫೀಸಿನಲ್ಲಿ ‘ಮೇಡಂ’, ಮನೆಯಲ್ಲಿ ‘ಅತ್ತಿಗೆ’. ಅಕ್ಕ ಎರಡು ಕಡೆಯೂ ‘ಸಾಹೇಬ್ರೇ’ ಎಂದು ಕಾಲೆಳೆಯುತ್ತಿದ್ದಳು.

ಆ ಭಾನುವಾರ ಮಧ್ಯಾಹ್ನ ಮೂವರೂ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಮಗು ನನ್ನ ತೊಡೆಯ ಮೇಲಿತ್ತು.

"ಅತ್ತಿಗೆ, ನೀರಿನ ಆಫೀಸ್ ಕಟ್ಟಡ ಒಡೀತಾರಂತೆ, ಕೋಣೆ ಖಾಲಿ ಮಾಡಿ ಅಂತಿದಾರೆ," ಎಂದರು ಇವರು. "ಹೊಸ ಜಾಗ ಇನ್ನೂ ಸಿಕ್ಕಿಲ್ಲ. ಅತ್ತ ತಪಾಸಣೆಯೋರು ಬೇರೆ ತಲೆ ಮೇಲೆ ಕೂತಿದಾರೆ. ಹೊಸ ವರ್ಷನ್ ಹೇಗಿದ್ರೂ ಹಾಕಲೇಬೇಕಲ್ಲ, ಅಜ್ಜೀನ ಒಂದನೇ ಕೋಣೆಗೇ ತಂದು ಹಾಕಿಬಿಡಿ."

ಅಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. "ಅಜ್ಜೀನ ಒಬ್ಬ ಮಗನ ಮನೇಲಿ ಇಡ್ತೀರಾ ಸಾಹೇಬ್ರೇ? ಆ ಮನೆ ಕರೆಂಟ್ ಹೋದ್ರೆ ಮಗನ ಜೊತೆ ಅಜ್ಜೀನೂ ಹೋಗ್ತಾಳೆ. ಇನ್ನೊಬ್ಬ ಒಂಟಿ ವೋಟು ಹಿಡ್ಕೊಂಡು ಬಾಯಿ ಮುಚ್ಕೊಂಡು ಕೂರ್ತಾನೆ."

"ಕರೆಂಟ್ ಯಾಕ್ ಹೋಗುತ್ತೆ? ಬ್ಯಾಟರಿ ಇದೆ, ಜನರೇಟರ್ ಇದೆ."

"ಬೇಕಾದ್ರೆ ನಮ್ಮನೆ ಸ್ಟೋರ್ ರೂಮಲ್ಲಿ ಇಟ್ಕೋತೀನಿ. ಅಲ್ಲಿ ಮಾತ್ರ ಬೇಡ."

"ನಿಮ್ಮನೆ ಇಲಿಗಳೂ ವೋಟ್ ಹಾಕಿಬಿಡ್ತವೆ," ಎಂದರು ಇವರು. ನಾನೂ ನಕ್ಕೆ, ಅಕ್ಕನೂ ನಕ್ಕಳು. ಆಮೇಲೆ ಇವರ ದನಿ ಬದಲಾಯಿತು. ಅದು ಆಫೀಸಿನ ದನಿ. "ನಾನು ಹೇಳ್ತಿದೀನಿ, ಹಾಕಿ. ಸ್ವಲ್ಪ ದಿನದ ಮಟ್ಟಿಗೆ. ಏನಾದ್ರೂ ಆದ್ರೆ ನಾನಿದೀನಲ್ಲ?"

"ಕಿತ್ತು ನೋಡೋಕಾದ್ರೂ ಬಿಡ್ತೀರಾ?"

"ಕರೆ ಬರ್ತಿರುವಾಗ ಕೀಳೋದೆಲ್ಲ ಬೇಡ. ಮೂರು ವೋಟು ಕಂಡ್ರೆ ಸಾಕು."

ಆ ಮಾತಿಗೆ ಸರಿಯಾಗಿ ಮಗು ಚಮಚ ಎಸೆಯಿತು. ಅದು ಅಕ್ಕನ ಲೋಟಕ್ಕೆ ತಗುಲಿ ನೀರು ಚೆಲ್ಲಿತು. ಮೇಜು ಒರೆಸಿದವಳು ನಾನು. ಅದಕ್ಕೇ ಒಂದೊಂದು ಅಕ್ಷರವೂ ನೆನಪಿದೆ.

ಅಕ್ಕ ಹೇಳಿದಂತೆ ಮಾಡಿದಳು. ತೆರೆಯ ಮೇಲೆ ಮೂರು ವೋಟು, ಎಲ್ಲ ಹಸಿರು. ತಪಾಸಣೆಯವರು ಬಂದರು, ಮೆಚ್ಚಿ ಹೋದರು. ಇವರು ಸಿಹಿ ತಂದಿದ್ದರು.

ಆಮೇಲೆ ಒಂದು ದಿನ ಒಂದನೇ ಕೋಣೆಯ ಬ್ಯಾಟರಿಗಳ ಬಳಿ ವೈರು ಸುಟ್ಟು ಇಡೀ ಕೋಣೆ ಕತ್ತಲಾಯಿತು. ಒಂದನೇ ಕಂಪ್ಯೂಟರು ಹೋಯಿತು, ಅದರ ಜೊತೆಗೇ ಅಜ್ಜಿಯೂ ಹೋದಳು. ಊರಿನ ಆ ತುದಿಯಲ್ಲಿ ಎರಡನೆಯದು ಗುಂಡುಕಲ್ಲಿನ ಹಾಗಿತ್ತು. ಆದರೆ ಅದರ ಬಳಿ ಇದ್ದದ್ದು ಒಂದೇ ವೋಟು. ಕಲಿಸಿಕೊಟ್ಟಂತೆ ಅದು ತಾನಾಗಿಯೇ ಬಾಯಿ ಮುಚ್ಚಿಕೊಂಡಿತು. ಅಕ್ಕ ಓಡಿಹೋಗಿ, "ನೀನೊಬ್ಬನೇ ಸಾಕು, ಏಳು" ಎಂದು ಕೈಯಾರೆ ಆಜ್ಞೆ ಕೊಟ್ಟು ಎಬ್ಬಿಸುವವರೆಗೂ ಊರಿನ ಆಂಬುಲೆನ್ಸ್ ಕರೆಗಳೆಲ್ಲ ಸುಮ್ಮನೆ ರಿಂಗಾದವು.

ಹಾಗೆ ರಿಂಗಾದದ್ದರಲ್ಲಿ ಒಂದು ನಮ್ಮ ಬೀದಿಯ ಬೇಕರಿಯವನ ಕರೆ. ಅವನ ಹೆಂಡತಿಗೆ ಉಬ್ಬಸ. ನನ್ನ ಮಗನ ಎದೆಯ ಸದ್ದು ಕೇಳಿ, "ಕಿಟಕಿ ಪೂರ್ತಿ ಮುಚ್ಚಬೇಡಿ ಅಮ್ಮಾ, ನಮ್ಮಂಥೋರಿಗೆ ಗಾಳಿ ಬೇಕು," ಎಂದು ಬುದ್ಧಿ ಹೇಳುತ್ತಿದ್ದ ಹೆಂಗಸು. ಅವನು ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಮತ್ತೆ ಮತ್ತೆ ಒತ್ತಿದನಂತೆ. ಕೊನೆಗೆ ಬ್ರೆಡ್ ಸಾಗಿಸುವ ಗಾಡಿಯಲ್ಲಿ ಮಲಗಿಸಿಕೊಂಡು ಹೊರಟ. ದಾರಿಯಲ್ಲೇ ಹೋಗಿಬಿಟ್ಟಳು. ಅಂದಿನಿಂದ ಅಂಗಡಿಯ ಶಟರ್ ಇಳಿದೇ ಇದೆ. ಬೀದಿಗೆ ಬೆಳಗಿನ ಆ ವಾಸನೆಯೇ ಇಲ್ಲ.

ವಿಚಾರಣೆ ಶುರುವಾಯಿತು. ಅಧಿಕಾರಿಯಾಗಿ ಬಂದವರು ಒಬ್ಬ ನಿವೃತ್ತ ಎಂಜಿನಿಯರಮ್ಮ. ಅಜ್ಜಿಯನ್ನು ಆ ಕೋಣೆಗೆ ತಂದವರು ಯಾರು? ಅಕ್ಕ. ಕಿತ್ತು ನೋಡದೆ ಬಿಟ್ಟವರು ಯಾರು? ಅಕ್ಕ. ಹಾಗೆ ಮಾಡು ಎಂದವರು ಯಾರು? ಅಕ್ಕ ಇವರ ಹೆಸರು ಹೇಳಿದಳು. ಇವರು ಇಲ್ಲವೆಂದರು. ಅವಳದೊಂದು ವೋಟು, ಇವರದೊಂದು ವೋಟು.

"ಹೊಸ ವರ್ಷನ್ ಹಾಕಿ ಅಂದೆ, ಅಷ್ಟೇ. ಎಲ್ಲಿ ಹಾಕಿ ಅಂತ ನಾನು ಯಾವಾಗ ಹೇಳ್ದೆ?" ಎಂದು ಇವರು ಮನೆಗೆ ಬಂದು ನನಗೂ ಹೇಳಿದರು. ಷೂ ಬಿಚ್ಚುತ್ತಾ, ತಲೆ ಎತ್ತದೆ. "ಬೇರೆ ಯಾರಾದ್ರೂ ಇದ್ರಾ ಅಂತ ಆಯಮ್ಮ ಕೇಳಿದ್ರು. ಅತ್ತಿಗೇನೇ ಯಾರೂ ಇರ್ಲಿಲ್ಲ ಅಂದ್ರು."

ನಾನು ಬಿಚ್ಚಿಟ್ಟ ಷೂ ಎತ್ತಿ ಗೂಡಿನಲ್ಲಿಟ್ಟೆ.

"ಅವತ್ತು ಮಗು ಅಳ್ತಿತ್ತು," ಎಂದರು ಇವರು ಇನ್ನೊಂದು ಷೂಗೆ ಕೈ ಹಾಕುತ್ತಾ. "ನಿಂಗೆ ಏನೂ ಕೇಳಿಸಿರಲ್ಲ. ಅಲ್ವಾ?"

ಮಗು ಅತ್ತಿರಲಿಲ್ಲ. ಚಮಚ ಎಸೆದು ನಗುತ್ತಿತ್ತು. ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲೂ ಇರಲಿಲ್ಲ.

ಮಾರನೇ ದಿನ ಅಕ್ಕನ ಮನೆಗೆ ಹೋದೆ. ಅವಳನ್ನು ಕೆಲಸದಿಂದ ದೂರ ಇಟ್ಟಿದ್ದರು. ಸ್ವೆಟರ್ ಒಗೆದು ಹಗ್ಗದ ಮೇಲೆ ಹಾಕಿದ್ದಳು. ಸ್ವೆಟರಿಲ್ಲದ ಅಕ್ಕ ಗರಿ ಕಿತ್ತ ಕೋಳಿಯ ಹಾಗೆ ಸಣ್ಣಗೆ ಕಂಡಳು. ದನಿಯೂ ಸಣ್ಣಗಾಗಿತ್ತು, ನನ್ನ ಮಗು ಅವಳ ಹಾಸಿಗೆಯ ಮೇಲೆ ಎಚ್ಚರವಾಗದೆ ನಿದ್ದೆ ಮಾಡಿತು.

"ಯಾರೂ ಇರ್ಲಿಲ್ಲ ಅಂತ ಯಾಕೆ ಹೇಳ್ದೆ ಅಕ್ಕ? ನಾನಿದ್ನಲ್ಲ?"

"ನೀನು ಮಗೂಗೆ ಉಣ್ಣಿಸ್ತಿದ್ದೆ."

"ಕೇಳಿಸಿಕೊಂಡಿದೀನಿ. ಹೋಗಿ ಹೇಳ್ತೀನಿ."

ಅಕ್ಕ ಮಗುವಿನ ಹೊದಿಕೆ ಸರಿಮಾಡಿದಳು. "ಯಾರ ಮನೇಲಿ ಊಟ ಮಾಡ್ತೀಯಾ ಪುಟ್ಟಿ ನೀನು?"

"ಇವರ ಮನೇಲೇ," ಎಂದೆ.

"ಹಾಗಾದ್ರೆ ಸುಮ್ನಿರು. ನಿನ್ನ ವೋಟು ಲೆಕ್ಕಕ್ಕೆ ಬರಲ್ಲ." ತಮಾಷೆಯ ಹಾಗೆ ಹೇಳಿದಳು, ಆದರೆ ನಗಲಿಲ್ಲ. ನಾನು ಅಳತೊಡಗಿದಾಗ ಸಿಡುಕಿದಳು. "ಅಳ್ಬೇಡ. ಕಿತ್ತು ನೋಡ್ದೆ ಎದ್ದು ಬಂದೋಳು ನಾನೇ, ಅದೇನು ಸುಳ್ಳಲ್ಲ. ನಿನ್ನ ಮನೆ ಒಡೆದು ನಾನು ಉಳ್ಕೊಂಡು ಏನ್ ಮಾಡ್ಲಿ? ಕೆಲಸದಿಂದ ತೆಗೀತಾರೆ, ಪೊಲೀಸರಿಗೆ ಕೊಡ್ತಾರೆ. ಕೊಡ್ಲಿ. ಆ ಬೇಕರಿಯೋನಿಗೆ ಮಾತ್ರ, ನಿನ್ನ ಹೆಂಡ್ತೀನ ಕೊಂದೋಳು ಇವಳೇ ಅಂತ ನನ್ನ ತೋರ್ಸಿದಾರಲ್ಲ, ಅದೊಂದು ಗಂಟಲಲ್ಲಿ ಇಳೀತಾ ಇಲ್ಲ."

ವರದಿ ನಾಳೆ ಕೊಡುತ್ತಾರೆ ಎಂದು ಇವರು ಇಂದು ಬೆಳಿಗ್ಗೆ ಹೇಳಿದರು. ಟೈ ಕಟ್ಟಿಕೊಳ್ಳುತ್ತಾ, "ಎಲ್ಲ ಮುಗೀತು ಅಂದ್ಕೋ, ನಾನಿದೀನಲ್ಲ?" ಎಂದು ನನ್ನ ತಲೆ ಸವರಿದರು. ಅದೇ ಮಾತು. ಇವರು ಕೆಟ್ಟವರಲ್ಲ. ಮಗುವಿಗೆ ಉಬ್ಬಸ ಬಂದಾಗ ಎದೆಗೊರಗಿಸಿಕೊಂಡು ಓಡಾಡುವವರು ಇವರೇ. ಹೆದರಿದ್ದಾರೆ, ಅಷ್ಟೇ. ಹೆದರಿಕೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಮನೆ ಹೋದರೆ ಮಗುವಿನ ಔಷಧಿ, ಶಾಲೆ, ನನ್ನ ತಲೆಯ ಮೇಲಿನ ಸೂರು, ಎಲ್ಲವನ್ನೂ ಎಣಿಸಿದೆ. ಎಣಿಸುವಾಗಲೂ ಕಿವಿಯಲ್ಲಿ ಫೋನು ರಿಂಗಾಗುತ್ತಲೇ ಇತ್ತು.

ಮನೆಯಲ್ಲಿ ಕೂತು ವಿಚಾರಣೆಯವರಿಗೆ ಫೋನು ಮಾಡಲು ಆಗಲಿಲ್ಲ. ಅಕ್ಕನ ಮನೆಗೆ ಹೋಗಿ ಮಾಡುವುದೂ ಸರಿಯೆನಿಸಲಿಲ್ಲ. ಮಗುವಿಗೆ ಟೋಪಿ ಹಾಕಿ, ಬೀಗ ಹಾಕಿ, ಮತ್ತೆ ಜಗ್ಗಿ ನೋಡದೆ ಕೆಳಗಿಳಿದೆ. ಬೇಕರಿಯ ಶಟರಿನ ಮೇಲೆ ವಿಚಾರಣೆಯ ನೋಟೀಸು ಅಂಟಿಸಿದ್ದರು: ಆ ದಿನದ ಬಗ್ಗೆ ತಿಳಿದವರು ಕರೆ ಮಾಡಬೇಕು. ಕೆಳಗೆ ನಂಬರು. ಅಲ್ಲೇ ಕಟ್ಟೆಯ ಮೇಲೆ ಕೂತೆ. ಮಗು ಶಟರಿನ ಸಂದಿಗೆ ಮೂಗಿಟ್ಟು, "ಬನ್ನು?" ಎಂದಿತು.

ನಂಬರು ಒತ್ತಿದೆ. ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಎತ್ತದಿದ್ದರೆ ಸಾಕು ಎಂದು ಒಂದು ಕ್ಷಣ ಅನಿಸಿದ್ದು ನಿಜ.

"ಹಲೋ," ಎಂದಿತು ವಯಸ್ಸಾದ ಹೆಂಗಸಿನ ದನಿ, ಆ ಎಂಜಿನಿಯರಮ್ಮನದೇ ಇರಬೇಕು.

"ಆ ದಿನದ ವಿಷಯ... ನನಗೆ ಗೊತ್ತಿರೋದು ಹೇಳ್ಬೇಕಿತ್ತು."

"ಹೇಳಿ ಅಮ್ಮಾ. ಮೊದಲು ನೀವು ಯಾರ ಕಡೆಯೋರು ಅಂತ ಹೇಳಿ."

ಮಗುವನ್ನು ಹತ್ತಿರಕ್ಕೆ ಎಳೆದುಕೊಂಡೆ. "ಸಾಹೇಬ್ರ ಹೆಂಡತಿ," ಎಂದೆ. "ಆ ಮೇಡಂ ತಂಗಿ. ಆ ಭಾನುವಾರ ಊಟದ ಮೇಜಿನ ಹತ್ರ ಮೂರನೆಯೋಳು ನಾನಿದ್ದೆ."