ಚಪ್ಪಲಿ ಎಲ್ಲಿ ಬಿಡೋದು?

ರೋಣದಲ್ಲಿ ನಮ್ಮ ಮನೆಯ ಎದುರಿಗೇ ಖಾದರನ ಗ್ಯಾರೇಜ್ ಇತ್ತು. ಟ್ರ್ಯಾಕ್ಟರ್ ರಿಪೇರಿ ಮಾಡುತ್ತ, ಹಳೆಯ ಜೀಪು ಕೊಂಡು ಮಾರುತ್ತ ಸುತ್ತಲಿನ ಹಳ್ಳಿಗಳಲ್ಲಿ ಹೆಸರು ಮಾಡಿದ್ದ. ಹೋದ ವರ್ಷ ಕಾರಿನ ಕಂಪನಿಯವರು ಅವನನ್ನು ಹುಡುಕಿಕೊಂಡು ಬಂದರು. ದಸರೆಯ ತನಕ ಶೋರೂಮ್ ನಡೆಸಿ ತೋರಿಸಬೇಕು, ಗಿರಾಕಿ ಬಂದರೆ ಏಜೆನ್ಸಿ ಅವನ ಹೆಸರಿಗೆ, ಬಾರದಿದ್ದರೆ ಗದಗದವರಿಗೆ ಎಂದರು. ಖಾದರ ಗ್ಯಾರೇಜ್ ಕೆಡವಿ ಅಲ್ಲೇ ಗಾಜಿನ ಶೋರೂಮ್ ಕಟ್ಟಿಸಿದ. ಸೋತರೆ ಮರಳಿ ಹೋಗಲು ಗ್ಯಾರೇಜೂ ಉಳಿದಿರಲಿಲ್ಲ.

ಗಿರಾಕಿ ಮಾತ್ರ ಒಳಗೆ ಕಾಲಿಡಲಿಲ್ಲ.

"ಆಯಿ, ಇವರಿಗೆ ಊಟಾ ಇಲ್ಲ, ನಿದ್ದಿ ಇಲ್ಲ," ಎಂದು ಅವನ ಹೆಂಡತಿ ಗುಲ್ಷನ ನನ್ನ ಬಳಿ ಕಣ್ಣೀರು ಹಾಕಿದಳು. "ಮಂದಿ ಬರ್ತಾರ, ಗಾಜಿಗೆ ಮೂಗು ಹಚ್ಚಿ ನೋಡ್ತಾರ, ಹಂಗ ಹೋಗ್ತಾರ್ರಿ."

ಬಸ್ಸಿಗೆ ಕಾಯುವ ಮಂದಿ ನಮ್ಮ ಕಟ್ಟೆಯ ಮೇಲೆ ಕೂರುವುದುಂಟು. ಒಂದು ಸಂತೆಯ ದಿನ ಯಾವಗಲ್ ಹಳ್ಳಿಯ ಫಕೀರವ್ವ ಮಗ ಹನುಮಪ್ಪನ ಜೊತೆ ಕೂತಿದ್ದಳು.

"ಒಳಗ ಹೋಗೂಣಂದ್ರ ಒಲ್ಲೆ ಅಂದಿ," ಎಂದು ಮಗ ಸಿಟ್ಟಾದ. "ನೀ ನೋಡದ ನಾ ಹ್ಯಾಂಗ ಕಾರ್ ತಗೊಳ್ಳಲಿ?"

"ನೆಲಾ ನೋಡಿಯಿಲ್ಲೋ, ಕನ್ನಡಿ ಇದ್ದಂಗ ಐತಿ! ಹೊಲದ ಕೆಸರು ತುಳೀಲೇನು? ಚಪ್ಪಲ್ ಎಲ್ಲಿ ಬಿಡೂದು? ಬೀದ್ಯಾಗ ಬಿಟ್ರ ನಾಯಿ ಒಯ್ತಾವು."

ಆ ಮಾತನ್ನು ನಾನು ಗುಲ್ಷನಳಿಗೆ ಮುಟ್ಟಿಸಿದೆ. ಮುಂದಿನ ಸಂತೆಯ ದಿನ ಅವಳು ತವರಿನವರು ಕೊಟ್ಟಿದ್ದ ನವಲಗುಂದದ ಜಮಖಾನೆಯನ್ನು ಶೋರೂಮಿನ ಮುಂದಿನ ಬೇವಿನ ಮರದ ಕೆಳಗೆ ಹಾಸಿ, ಗಂಡನಿಗೆ "ಕಾರ್ ಹೊರಗ ತಗೀರಿ," ಎಂದಳು.

"ಕಂಪನಿಯವರು ನೋಡಿದ್ರ ಬೋರ್ಡ್ ಕಿತ್ತು ಒಗೀತಾರ!"

"ಒಳಗ ಇಟ್ರೂ ಕೀಳ್ತಾರ. ತಗೀರಿ."

ಖಾದರ ಕಾರು ಹೊರತಂದು ಜಮಖಾನೆಯ ಪಕ್ಕಕ್ಕೆ ನಿಲ್ಲಿಸಿದ. ಮಧ್ಯಾಹ್ನದೊಳಗೆ ಜಮಖಾನೆಯ ಅಂಚಿಗೆ ಚಪ್ಪಲಿ ರಾಶಿಬಿದ್ದವು. ಫಕೀರವ್ವನೂ ಬಂದಳು. ಮೆಟ್ಟು ಕಳಚಿ, ಕಾರಿಗೆ ಕೈಮುಗಿದು, ಮುಂದಿನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

ಅಷ್ಟರಲ್ಲೇ, ಹೇಳದೆ ಕೇಳದೆ, ಹುಬ್ಬಳ್ಳಿಯಿಂದ ಕಂಪನಿಯ ಪ್ರಾಣೇಶ ಸಾಹೇಬರು ಬಂದಿಳಿದರು. ಖಾದರನ ಮುಖ ಬಿಳಿಚಿತು.

"ಏನ್ರೀ ಇದು? ಹೊಸಾ ಗಾಡೀನ ಧೂಳಾಗ ನಿಲ್ಲಿಸಿ ಸಂತಿ ಹಚ್ಚೀರಿ?" ಎನ್ನುತ್ತ ಅವರು ಬೂಟುಗಾಲಲ್ಲೇ ಜಮಖಾನೆ ತುಳಿದರು.

"ಏ ತಮ್ಮಾ, ನಿಮ್ಮನ್ಯಾಗ ಹಾಸಿಗಿ ಮ್ಯಾಲೂ ಬೂಟ್ ಹಾಕ್ಕೊಂಡ ಮಲಗ್ತಿಯೇನು?" ಎಂದು ಕಾರಿನೊಳಗಿಂದ ಫಕೀರವ್ವ ಕೇಳಿದಳು.

ಮಂದಿ ಕಿಸಕ್ಕೆಂದರು. ಖಾದರ ನಗಲಿಲ್ಲ. ಸಾಹೇಬರು ಹಿಂದೆ ಸರಿದು ಚಪ್ಪಲಿಗಳನ್ನೊಮ್ಮೆ, ಖಾಲಿ ಶೋರೂಮನ್ನೊಮ್ಮೆ ನೋಡಿದರು.

"ಅಜ್ಜೀ, ಗಾಡಿ ಹ್ಯಾಂಗ ಐತ್ರಿ?"

"ಕಾಲ ಮಡಚಾಕ ಜಾಗಾ ಐತಿ. ನಮ್ಮ ಹನುಮ ತಗೋತಾನ."

ಸಾಹೇಬರು ಚಹಾ ಕುಡಿದು ಹುಬ್ಬಳ್ಳಿಗೆ ಹೊರಟುಹೋದರು. ದಸರೆ ಹತ್ತಿರ ಬಂದರೂ ಸುದ್ದಿಯಿಲ್ಲ. ಫೋನು ಬಡಿದುಕೊಂಡಾಗಲೆಲ್ಲ ಖಾದರ ಬೆಚ್ಚುತ್ತಿದ್ದ. ಎತ್ತಲು ಹೆದರಿ ಗುಲ್ಷನಳ ಕೈಗೆ ಕೊಡುತ್ತಿದ್ದ. ಕೊನೆಗೆ ಆಯುಧಪೂಜೆಯ ಹಿಂದಿನ ದಿನ ಕರೆ ಬಂತು. ಏಜೆನ್ಸಿ ಅವನದೇ. ಆದರೆ ಕಾರು ಒಳಗೇ ಇರಬೇಕು.

ಈಗ ಜಮಖಾನೆ ಗಾಜಿನ ಬಾಗಿಲಿನಿಂದ ಕಾರಿನವರೆಗೆ ಹಾಸಿದೆ. ಹೊರಗೆ ಚಪ್ಪಲಿ ಬಿಡಲು ಕಟ್ಟಿಗೆಯ ಕಪಾಟಿದೆ, ನಾಯಿ ಬಾರದ ಹಾಗೆ ಅದಕ್ಕೊಂದು ಬಾಗಿಲು. ಬೋರ್ಡಿನ ಮೇಲೆ ಹೆಸರು ಬಂದರೂ ಖಾದರನ ದಿಗಿಲು ಹೋಗಿಲ್ಲ. ತಾಸಿಗೊಮ್ಮೆ ಹೊರಗೆ ಬಂದು ಆ ಕಪಾಟು ತೆರೆದು ನೋಡುತ್ತಾನೆ. ಖಾಲಿಯಿದ್ದರೆ ಅವನಿಗೆ ಚಹಾ ಸೇರುವುದಿಲ್ಲ.