ನೆಲ ನಿಜವಾಗಿಯೂ ಡೊಂಕಿತ್ತು

ಅಣ್ಣಾ, ಆವತ್ತು ನಾನು ಸುಳ್ಳು ಹೇಳಿದೆ. ನಿನ್ನ ಗಿಟಾರಿಗೆ ಜೋಡಿಸುವ ಪೆಟ್ಟಿಗೆ ಕೆಟ್ಟಿತ್ತು — ಕೆಡಿಸಿದವಳು ನಾನೇ — ಗೊತ್ತಿದ್ದೂ ಸರಿಯಾಗಿದೆ ಎಂದೆ. ಒಂಬತ್ತು ವರ್ಷ ಈ ಮಾತನ್ನು ಹೊತ್ತು ತಿರುಗಿ ಸಾಕಾಗಿದೆ.

ಆ ಪೆಟ್ಟಿಗೆ ನೀನೇ ಕೈಯಾರೆ ಮಾಡಿದ್ದು, ಅವ್ವನ ಸ್ಟೀಲ್ ಡಬ್ಬಿಯಲ್ಲಿ. ಕಾಲಿನಿಂದ ಒತ್ತಿದರೆ ಗಿಟಾರಿನ ದನಿ ಅಲೆ ಅಲೆಯಾಗಿ ನಡುಗುತ್ತಿತ್ತು. ಅಲೆಗೆ ಎರಡೇ ವೇಗ, ನಿಧಾನ ಮತ್ತು ಜೋರು. ಒಂದರಿಂದ ಇನ್ನೊಂದಕ್ಕೆ ಧಡಕ್ಕನೆ ಹಾರುತ್ತಿತ್ತು. ಮದುವೆ ಆರ್ಕೆಸ್ಟ್ರಾದಲ್ಲಿ ಅದು ಕಿವಿಗೆ ಬಡಿಯುತ್ತದೆ ಎಂದು ನಿನ್ನ ಗೊಣಗಾಟ. ಏಕಸಂಬಿಯಲ್ಲಿ ನಾನು ಟಿವಿ-ರೇಡಿಯೋ ರಿಪೇರಿ ಅಂಗಡಿ ತೆರೆದು ಆಗಷ್ಟೇ ಆರು ತಿಂಗಳಾಗಿತ್ತು.

"ಹಿಟ್ಟಿನ ಗಿರಣಿ ಚಾಲೂ ಆಗತೈತಲ್ಲ, ಹಂಗ ಸಾವಕಾಶ ವೇಗ ಹಿಡೀಬೇಕ ನೋಡ ತಂಗೆವ್ವ," ಎಂದಿದ್ದೆ ನೀನು.

ಮಾಡಿಕೊಟ್ಟೆ. ಅದಕ್ಕೆ ಬೇಕಾದದ್ದು ಒಂದು ದೊಡ್ಡ ಕೆಪಾಸಿಟರ್ — ಅದರೊಳಗೆ ಕರೆಂಟು ಮೆಲ್ಲಗೆ ತುಂಬಿದಂತೆ ವೇಗವೂ ಮೆಲ್ಲಗೆ ಏರುತ್ತದೆ. ಹೊಸದು ಬೇಕೆಂದರೆ ಚಿಕ್ಕೋಡಿಗೆ ಹೋಗಬೇಕು. ಬೇಸರ, ಅಷ್ಟೇ — ಹಳೆಯ ಟಿವಿಯಿಂದ ಕಿತ್ತದ್ದನ್ನೇ ಬೆಸೆದೆ. ಮನೆಯಲ್ಲಿ ಚೆನ್ನಾಗಿಯೇ ನಡೆಯಿತು. "ನಮ್ಮ ತಂಗಿ ಮಾಡ್ಯಾಳ" ಎಂದು ನೀನು ಓಣಿಗೆಲ್ಲ ಹೇಳಿಕೊಂಡು ಬಂದೆ.

ವೇದಿಕೆಯ ದೀಪಗಳ ಕಾವಿಗೆ ಆ ಹಳೆಯ ಕೆಪಾಸಿಟರ್ ಸೋರತೊಡಗಿತು. ಏರಿದ ವೇಗ ನಿಲ್ಲದೆ, ಯಾರಿಗೂ ತಿಳಿಯದ ಹಾಗೆ ಇಳಿಯುತ್ತಿತ್ತು. ನೀನು ಅಲೆಯನ್ನೇ ಹಿಡಿದು ಬಾರಿಸುವವನು. ಅದರ ಜೊತೆ ನೀನೂ ಹಿಂದೆ ಬಿದ್ದೆ. ಮೂರು ಮದುವೆಗಳಲ್ಲಿ ಹಾಗೇ ಆಯಿತು. ಪೆಟ್ಟಿಗೆಯದೇ ದೋಷ ಇರಬೇಕು ಎಂದು ನೀನೆಂದರೆ, ಢೋಲಕ್ಕಿನವನು ಎಲ್ಲರೆದುರು ನಕ್ಕನಂತೆ: "ಕುಣೀಲಾರದಾಕಿ ನೆಲ ಡೊಂಕ ಅಂದ್ಳಂತ. ದಾದಾ, ನಿಮ್ಮ ಲಯ ಹೋಗೈತಿ."

ನೆಲ ನಿಜವಾಗಿಯೂ ಡೊಂಕಿತ್ತು, ಅಣ್ಣಾ.

ಮರುದಿನ ನೀನು ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟೆ. "ಏನರ ಆಗೇತೇನ ನೋಡ," ಎಂದು ಚಹಾ ಹೇಳಲು ಹೊರಗೆ ಹೋದೆ. ನಾನು ಪೆಟ್ಟಿಗೆ ತೆರೆದೆ. ಕೆಪಾಸಿಟರಿನ ತಲೆ ಉಬ್ಬಿ, ಬುಡದಲ್ಲಿ ಪಸೆ ಒಸರಿತ್ತು. ಎದುರಿಗೆ ಇಬ್ಬರು ಗಿರಾಕಿಗಳು ಕೂತಿದ್ದರು. ಹೆಂಗಸಿನ ಕೈಕೆಲಸ ಇಷ್ಟೇ ಅಂದುಬಿಟ್ಟರೆ — ಆ ಒಂದು ಯೋಚನೆಗೆ ನನ್ನ ಬುದ್ಧಿ ಮಣ್ಣು ತಿಂದಿತು. ಅಷ್ಟರೊಳಗೆ ಅಂಗಡಿಗೆ ಹೊಸ ಸಾಮಾನು ಬಂದಿತ್ತು. ಸದ್ದಿಲ್ಲದೆ ಹೊಸದನ್ನು ಹಾಕಿ, ಹಳೆಯದನ್ನು ಕಸದಲ್ಲಿ ಮುಚ್ಚಿದೆ.

"ಪೆಟಗಿ ಬರೊಬ್ಬರಿ ಐತಿ ಅಣ್ಣಾ," ನೀನು ಒಳಗೆ ಬಂದಾಗ ನಾನೆಂದೆ.

ನೀನು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡೆ. "ಹಂಗಾರ ನಾನಽ ಬರೊಬ್ಬರಿ ಇಲ್ಲ," ಎಂದೆ.

ಒಮ್ಮೆ ಬಾರಿಸಿ ನೋಡು ಎಂದಿದ್ದರೂ ಸಾಕಿತ್ತು. ಬಾರಿಸಿದ್ದರೆ ನಿನಗೇ ತಿಳಿಯುತ್ತಿತ್ತು — ಅದಕ್ಕೇ ಹೇಳಲಿಲ್ಲ. ನೀನು ಗಿಟಾರನ್ನು ಯಾರಿಗೋ ಕೊಟ್ಟುಬಿಟ್ಟೆ, ಅಥಣಿಯ ದ್ರಾಕ್ಷಿ ತೋಟದಲ್ಲಿ ಕೆಲಸ ಹಿಡಿದೆ. ಭಜನೆಯಲ್ಲಿ ಯಾರಾದರೂ ಕೈಗೆ ತಾಳ ಕೊಟ್ಟರೆ ಪಕ್ಕದವರಿಗೆ ದಾಟಿಸುತ್ತೀ. ನೋಡಿದಾಗಲೆಲ್ಲ ಇವತ್ತು ಹೇಳೋಣ ಅಂದುಕೊಳ್ಳುತ್ತೇನೆ. ಊಟ ಮಾಡಿ, ಕೈ ತೊಳೆದು, ಬಸ್ಸು ಹತ್ತುತ್ತೇನೆ. ನಾಚಿಕೆಗೆಟ್ಟವಳು.

ಹೋದ ಭಾನುವಾರ ನಿನ್ನ ಮಗಳು ತಬಲಾ ಕಲಿಯುತ್ತೇನೆ ಎಂದಳು. "ಬ್ಯಾಡವ್ವ," ಎಂದೆ ನೀನು, ಸಿಟ್ಟಿಲ್ಲದೆ. "ಲಯ ಅನ್ನೂದು ನಮ್ಮ ರಕ್ತದಾಗ ಇಲ್ಲ." ಹುಡುಗಿ ನನ್ನ ಮುಖ ನೋಡಿದಳು. ನಾನು ಆಗಲೂ ಅನ್ನ ಕಲಸುತ್ತ ಕೂತಿದ್ದೆ.

ನಿನಗೆ ಮಾಡಿದ್ದೇ ಸಾಲದು ಎಂದು ಈಗ ಅವಳಿಗೂ —

ನಾಳೆ ಮೊದಲ ಬಸ್ಸಿಗೆ ಅಥಣಿಗೆ ಬರುತ್ತೇನೆ. ನಿನಗೊಬ್ಬನಿಗೇ ಹೇಳಿ ಮುಗಿಸುವುದಿಲ್ಲ, ಅವಳೂ ಇರಬೇಕು. ಆಮೇಲೆ ನೀನು ನನ್ನ ಜೊತೆ ಮಾತು ಬಿಟ್ಟರೆ ಬಿಡು. ನನ್ನ ಧೈರ್ಯ ಎಷ್ಟೆಂದು ನನಗೆ ಗೊತ್ತು. ಬಾಯಿ ಕಟ್ಟಿದರೆ ಈ ಕಾಗದವನ್ನು ಅವಳ ಕೈಗೆ ಕೊಟ್ಟು, ಜೋರಾಗಿ ಓದು ಎನ್ನುತ್ತೇನೆ.